ಕರಿ ಮೂಲೆಯ ಕಾರ್ಡು

ಮೊನ್ನೆ ಯಾವುದೋ ಕಚೇರಿಯವರು ನನ್ನ ಜನ್ಮ ದಾಖಲೆ ಕೇಳಿದರೆಂದು ಹಳೆಯ ಟ್ರಂಕು ತೆಗೆದು ಕೂತೆ. ನಾನು ಹುಟ್ಟಿದ್ದಕ್ಕೆ ಪುರಾವೆ ಸಿಗಲಿಲ್ಲ. ಅದರ ಬದಲು ನಮ್ಮಪ್ಪ ಸತ್ತದ್ದಕ್ಕೆ ಪುರಾವೆ ಸಿಕ್ಕಿತು. ಅದೂ ಅವನು ನಿಜವಾಗಿ ಸಾಯುವುದಕ್ಕೆ ಹದಿನೆಂಟು ವರ್ಷ ಮುಂಚಿನದು.

ಅಂಗೈಯಗಲದ ಒಂದು ಕಾರ್ಡು. ದಪ್ಪ ಕಾಗದ, ಒಂದು ಕಾಲಕ್ಕೆ ಹೊಳಪಿತ್ತು. ಒಂದು ಬದಿಗೆ ಚಿತ್ರ. ಚಿತ್ರವೆಂದರೆ, ಇಡೀ ಕಾರ್ಡು ಬಿಳಿ, ಕೆಳಗಿನ ಬಲಮೂಲೆಯಲ್ಲಿ ಒಂದು ಕಪ್ಪು ತ್ರಿಕೋಣ, ಅಷ್ಟೇ. ಉಳಿದ ಮೂರು ಮೂಲೆಗಳಿಗೆ ಅರಿಷಿಣ ಹಚ್ಚಿದೆ. ಅದು ಚಿತ್ರಕಾರ ಹಚ್ಚಿದ್ದಲ್ಲ. ಹಿಂಬದಿಗೆ ನನ್ನದೇ ಅಕ್ಷರ. ಅದನ್ನು ಕೈಯಲ್ಲಿ ಹಿಡಿದವನು ಮಧ್ಯಾಹ್ನದ ತನಕ ಏಳಲಿಲ್ಲ. ಚಹಾ ಆರಿತು, ಜನ್ಮ ದಾಖಲೆ ಮರೆತುಹೋಯಿತು. ಹುಟ್ಟಿದ್ದೇನೆ ಎಂಬುದರಲ್ಲಿ ನನಗಂತೂ ಸಂಶಯವಿಲ್ಲ, ಕಚೇರಿಯವರ ಸಂಶಯ ಅವರಿಗಿರಲಿ.

ಎಂಬತ್ತರ ದಶಕದ ನಡುವೆ ನಾನು ನಿಪ್ಪಾಣಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಡ್ರಾಯಿಂಗ್ ಮಾಸ್ತರ ಎಂದರೆ ಏನೆಂದು ನಿಮಗೆ ಗೊತ್ತೇ ಇದೆ. ಗಣಿತದವರು ರಜೆ ಹಾಕಿದರೆ ಅವರ ತರಗತಿ ಕಾಯುವವ, ಆಗಸ್ಟ್ ಹದಿನೈದಕ್ಕೆ ರಂಗೋಲಿ ಹಾಕಿಸುವವ, ಹೆಡ್‌ಮಾಸ್ತರರ ಮನೆಯ ಮದುವೆಗೆ ಸುಸ್ವಾಗತ ಬರೆಯುವವ. ಮಕ್ಕಳಿಗೆ ನಾನು ಕಲಿಸುತ್ತಿದ್ದದ್ದು ಹೂಜಿ, ಮಾವಿನಹಣ್ಣು ಮತ್ತು ಎರಡು ಗುಡ್ಡಗಳ ನಡುವೆ ಹುಟ್ಟುವ ಸೂರ್ಯ. ಒಳಗೊಳಗೆ ಮಾತ್ರ ನಾನು ಬಹಳ ದೊಡ್ಡ ಕಲಾವಿದ. ಈ ಸಂಗತಿ ನನ್ನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಪರೀಕ್ಷೆ ಬರೆಯಲು ಮುಂಬೈಗೆ ಹೋದವನು ಅಲ್ಲಿಯ ದೊಡ್ಡದೊಂದು ಚಿತ್ರಶಾಲೆಗೆ ಹೊಕ್ಕೆ. ಹೊರಬರುವಾಗ ಬಾಗಿಲ ಬಳಿ ಕಾರ್ಡಿನ ಕಟ್ಟುಗಳಿದ್ದವು. ಪರದೇಶದಲ್ಲಿ ಅಚ್ಚಾದ ಇಪ್ಪತ್ತನಾಲ್ಕು ಕಾರ್ಡುಗಳ ಕಟ್ಟು, ಎಲ್ಲವೂ ಅಮೂರ್ತ ಚಿತ್ರಗಳ ಪ್ರತಿಗಳು. ಒಂದರಲ್ಲಿ ಗೆರೆ ಮತ್ತು ಚೌಕ, ಒಂದರಲ್ಲಿ ನೀಲಿ ಮಸಿ ಚೆಲ್ಲಿದಂತೆ, ಒಂದರಲ್ಲಿ ಏನೂ ಇಲ್ಲ. ಹಿಂದೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ರಚನೆ ನಾಲ್ಕು, ರಚನೆ ಒಂಬತ್ತು ಎಂಬಂಥ ಹೆಸರುಗಳು. ಕೆಲವಕ್ಕೆ ಹೆಸರಿಲ್ಲ ಎಂಬುದೇ ಹೆಸರು. ಇನ್ನು ಮೇಲೆ ಯಾರಿಗೆ ಪತ್ರ ಬರೆದರೂ ಇದರ ಮೇಲೇ ಬರೆಯಬೇಕು, ನಮ್ಮ ಸೀಮೆಯ ಕಣ್ಣು ತೆರೆಸುವುದು ನನ್ನದೇ ಹೊಣೆ ಎಂದು ರೈಲು ಮೀರಜ ಮುಟ್ಟುವಷ್ಟರಲ್ಲಿ ತೀರ್ಮಾನವಾಗಿತ್ತು.

ಸೀಮೆಯ ಕಣ್ಣು ಮೊದಲೇ ತೆರೆದಿತ್ತು ಎಂಬುದು ಆಮೇಲೆ ತಿಳಿಯಿತು. ನಿಪ್ಪಾಣಿಯಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಮಾಲೀಕರು ತಂಬಾಕಿನ ವ್ಯಾಪಾರಿ. ಮೇಜಿನ ಮೇಲಿದ್ದ ಕೆಂಪು ವರ್ತುಲದ ಕಾರ್ಡನ್ನು ಎತ್ತಿ, ದೂರ ಹಿಡಿದು, ಹತ್ತಿರ ಹಿಡಿದು ಕೇಳಿದರು: “ಅರೇ ಮಾಸ್ತರ, ಹೇ ಕಾಯ್? ಯಾವ ಬೀಡಿ ಲೇಬಲ್ಲ ಇದು?” ನಾನು ಅರ್ಧ ತಾಸು ಆಧುನಿಕ ಕಲೆಯ ಬಗ್ಗೆ ಹೇಳಿದೆ. ಅವರು ಸಮಾಧಾನದಿಂದ ಕೇಳಿ, “ಅಂದ್ರ ಇನ್ನಾ ಹೆಸರ ಇಟ್ಟಿಲ್ಲ ಅನ್ರಿ. ಮಾರ್ಕೆಟ್ಟಿಗೆ ಬರ್ಲಿ, ನೋಡೂಣು” ಎಂದು ಎದ್ದುಹೋದರು.

ನಮ್ಮೂರು ಏಕಸಂಬಿ. ಅಲ್ಲಿ ಪಕ್ಕದ ಮನೆಯ ಮಲಗೌಡ ಕಾಕಾ ಇನ್ನೂ ಸೂಕ್ಷ್ಮ. ಗೆರೆ ಮತ್ತು ಚೌಕದ ಕಾರ್ಡು ನೋಡಿ ಹುಬ್ಬು ಗಂಟಿಕ್ಕಿ, “ಕಾಲುವಿ ನೆಟ್ಟಗ ಹೊಡದಾರ, ಚೊಲೋ ಆತು. ಆದ್ರ ಈ ನಡಬರಕಿನ ಕೆಂಪ ತುಂಡಿಗೆ ದಾರೀನ ಬಿಟ್ಟಿಲ್ಲಲ್ಲೋ. ಕಬ್ಬಿನ ಗಾಡಿ ಹೆಂಗ ಹೊರಗ ಬರಬೇಕು?” ಅಂದರು. ಅದು ಹೊಲದ ನಕಾಶೆಯಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಆಮೇಲೆ ಅದೇ ಚಿತ್ರವನ್ನು ನಾನು ದೊಡ್ಡ ದೊಡ್ಡ ಪುಸ್ತಕಗಳಲ್ಲಿ ನೋಡಿದ್ದೇನೆ. ಇವತ್ತಿಗೂ ಅದನ್ನು ಕಂಡರೆ ನನಗೆ ಗಾಡಿಯದೇ ಚಿಂತೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಕಾರ್ಡು ಓದುವ ಕ್ರಮ ಬೇರೆ. ಮೊದಲು ಮೂಲೆ, ಆಮೇಲೆ ಅಕ್ಷರ. ನಾಲ್ಕು ಮೂಲೆಗೆ ಅರಿಷಿಣ ಕುಂಕುಮ ಇದ್ದರೆ ಮದುವೆ, ಇಲ್ಲವೆ ಬಾಣಂತಿತನ, ಇಲ್ಲವೆ ಹೊಸಮನೆ. ಒಂದು ಮೂಲೆ ಹರಿದಿದ್ದರೆ, ಅಥವಾ ಮಸಿ ಬಳಿದು ಕಪ್ಪು ಮಾಡಿದ್ದರೆ, ಯಾರೋ ಹೋದರು. ಅಂಥ ಕಾರ್ಡನ್ನು ಹೊಸ್ತಿಲ ಒಳಗೆ ತರುವುದಿಲ್ಲ. ಹೊರಗೇ ಓದಿ ಹರಿದು ಒಗೆದು, ಕಾಲು ತೊಳೆದು ಒಳಗೆ ಬರಬೇಕು. ಅಕ್ಷರ ಬಾರದವರಿಗೂ ಮೂಲೆ ಬರುತ್ತಿತ್ತು. ಅಕ್ಷರ ಬರುವವರೂ ಮೂಲೆಯನ್ನೇ ಹೆಚ್ಚು ನಂಬುತ್ತಿದ್ದರು.

ನಾನು ಇದನ್ನು ತಾಯಿಯ ಹಾಲಿನ ಜೊತೆ ಕುಡಿದವನು. ಆದರೂ ಮುಂಬೈ ಸೇರಿಕೊಂಡಿತ್ತಲ್ಲ ತಲೆಯಲ್ಲಿ, ಮರೆತೇಬಿಟ್ಟಿದ್ದೆ. ಕಾಗವಾಡದಲ್ಲಿದ್ದ ನನ್ನ ಗೆಳೆಯ ಬಾಳುವಿಗೆ ಹಳದಿ ಅಂಚಿನ, ಕೆಂಪು ಚುಕ್ಕೆಗಳ ಒಂದು ಕಾರ್ಡು ಬರೆದಿದ್ದೆ. ಅವನ ಸೈಕಲ್ ಪಂಪು ನನ್ನ ಹತ್ತಿರ ಉಳಿದಿದೆ ಎಂಬುದು ವಿಷಯ. ಎಂಟು ದಿನಕ್ಕೆ ಅವನು ಹೊಸ ಅಂಗಿ ಹೊಲಿಸಿಕೊಂಡು ನಿಪ್ಪಾಣಿಗೆ ಬಂದಿಳಿದ. “ಲಗ್ನ ಯಾವಾಗಲೇ? ಹುಡುಗಿ ಯಾವೂರಾಕಿ?” ಎಂದ. ಕಾರ್ಡು ಓದಲಿಲ್ಲವೇನೋ ಎಂದರೆ, “ಮೂಲಿ ನೋಡೀನಲ್ಲ, ಮತ್ತೇನ ಓದೂದು?” ಎಂದ. ನಾನು ಬಿದ್ದು ಬಿದ್ದು ನಕ್ಕೆ. ನಗುವ ಬದಲು ಒಂದು ಗಳಿಗೆ ಯೋಚಿಸಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಮುಂದಿನದು ಹೇಳಬೇಕಾದರೆ ಎತ್ತಿನ ಜಗಳ ಹೇಳಬೇಕು.

ನಮ್ಮಪ್ಪನಿಗೆ ಒಬ್ಬಳೇ ಅಕ್ಕ, ಗಂಗವ್ವ, ನನ್ನ ಸೋದರತ್ತೆ. ಅಥಣಿಯ ಹತ್ತಿರ ದ್ರಾಕ್ಷಿ ತೋಟದ ಮನೆಗೆ ಕೊಟ್ಟಿದ್ದರು. ತಾಯಿ ಬೇಗ ಹೋದದ್ದರಿಂದ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅಪ್ಪ ಐದು ವರ್ಷದವನಿದ್ದಾಗ ದೂಧಗಂಗಾ ಹೊಳೆಯ ದಂಡೆಯಲ್ಲಿ ಕಳೆದುಹೋಗಿದ್ದನಂತೆ. ಊರೆಲ್ಲ ಹುಡುಕಿ ಸೋತು ಕೂತಾಗ, ಮೇಯಲು ಬಿಟ್ಟಿದ್ದ ಮನೆಯ ಎತ್ತಿನ ಬಾಲ ಹಿಡಿದುಕೊಂಡು ತಾನೇ ನಡೆದು ಬಂದನಂತೆ. ಇಲ್ಲಿಯವರೆಗೆ ಇಬ್ಬರದೂ ಒಪ್ಪಿಗೆ. ಆದರೆ ಮನೆಯಲ್ಲಿ ಇದ್ದದ್ದು ಎರಡು ಎತ್ತು, ಒಂದು ಬಿಳಿ, ಒಂದು ಕರಿ. ಯಾವ ಎತ್ತು? ಅತ್ತೆ ಬಿಳಿ ಎನ್ನುತ್ತಿದ್ದಳು, ಅಪ್ಪ ಕರಿ ಎನ್ನುತ್ತಿದ್ದ. ವರ್ಷ ವರ್ಷ ನಾಗರಪಂಚಮಿಗೆ ಅವಳು ತವರಿಗೆ ಬಂದಾಗ ಈ ಮಾತು ಎದ್ದು, ನಕ್ಕು, ಮಲಗುತ್ತಿತ್ತು. ಒಂದು ವರ್ಷ ಮಲಗಲಿಲ್ಲ. “ಬಾಲ ಹಿಡದಾಂವ ನಾನು. ನನಗ ಗೊತ್ತಿರೂದಿಲ್ಲೇನು?” ಎಂದ ಅಪ್ಪ. “ಕಣ್ಣಾಗ ನೀರ ತುಂಬಕೊಂಡ ಬಾಗಲದಾಗ ನಿಂತಾಕಿ ನಾನು. ನಿನ್ನ ಬುದ್ಧಿಗೆ ಆಗ ಬಣ್ಣ ಎಲ್ಲಿ ತಿಳೀತಿತ್ತು?” ಎಂದಳು ಅತ್ತೆ. ಬುದ್ಧಿಯ ವಿಷಯ ಬಂತು. ಅಪ್ಪ ಏನೋ ಅಂದ. ಅತ್ತೆ ಉಂಡಿಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದಳು.

ಪಂಚಮಿಗೆ ಹೆಣ್ಣುಮಕ್ಕಳು ತಾವಾಗಿ ಬರುವುದಿಲ್ಲ. ಅಣ್ಣನೋ ತಮ್ಮನೋ ಹೋಗಿ ಕರೆಯಬೇಕು. ಅಪ್ಪ ಕರೆಯಲು ಹೋಗಲಿಲ್ಲ, ಅವಳು ಬರಲಿಲ್ಲ. ಹೀಗೆ ಒಂಬತ್ತು ಪಂಚಮಿ. ನಗಬೇಡಿ. ಸತ್ತು ಮೂವತ್ತು ವರ್ಷವಾದ ಎತ್ತಿನ ಬಣ್ಣಕ್ಕೆ ಒಡಹುಟ್ಟಿದವರು ಮಾತು ಬಿಡುತ್ತಾರೆಯೇ ಎಂದರೆ, ಬಿಡುತ್ತಾರೆ. ದೊಡ್ಡ ಕಾರಣಕ್ಕೆ ಬಿಟ್ಟ ಮಾತನ್ನು ಯಾರಾದರೂ ನಡುವೆ ಕೂತು ಬಗೆಹರಿಸಬಹುದು. ಎತ್ತಿನ ಬಣ್ಣಕ್ಕೆ ಯಾವ ಪಂಚರು ಕೂಡುತ್ತಾರೆ? ಆ ಒಂಬತ್ತು ವರ್ಷವೂ ಅಪ್ಪ ಪಂಚಮಿಯ ದಿನ ಜೋಕಾಲಿ ಕಟ್ಟುತ್ತಿದ್ದ. ಅದರ ಮೇಲೆ ಯಾರೂ ಕೂಡುತ್ತಿರಲಿಲ್ಲ. ಸಂಜೆ ತಾನೇ ಬಿಚ್ಚುತ್ತಿದ್ದ.

ಹತ್ತನೆಯ ವರ್ಷ ನಾನು ಕೈಹಾಕಿದೆ. ಪಂಚಮಿ ಇನ್ನು ನಾಲ್ಕೈದು ದಿನ ಇರುವಾಗ ನಿಪ್ಪಾಣಿಯಿಂದ ಅತ್ತೆಗೆ ಒಂದು ಕಾರ್ಡು ಬರೆದೆ. ‘ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ಅಪ್ಪ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನಿನ್ನ ದಾರಿ ನೋಡುತ್ತಾನೆ. ಪಂಚಮಿಗೆ ಬಾ.’ ಇಷ್ಟೇ. ಯಾವ ಕಾರ್ಡಿನ ಮೇಲೆ ಬರೆಯಲಿ ಎಂದು ಬಹಳ ಹೊತ್ತು ಆರಿಸಿದೆ. ಎಲ್ಲಕ್ಕಿಂತ ಉತ್ತಮವಾದದ್ದೇ ಅವಳಿಗೆ ಹೋಗಬೇಕು. ಇಡೀ ಕಟ್ಟಿನಲ್ಲಿ ನನಗೆ ಜೀವಕ್ಕಿಂತ ಹೆಚ್ಚು ಇಷ್ಟವಾದದ್ದು ಒಂದಿತ್ತು. ಪೂರಾ ಬಿಳಿ, ಒಂದು ಮೂಲೆ ಮಾತ್ರ ಕಪ್ಪು. ಎಂಥ ಧೈರ್ಯ, ಎಂಥ ಮೌನ ಎಂದುಕೊಂಡು ಡಬ್ಬಿಗೆ ಹಾಕಿದೆ.

ಅಥಣಿಯಲ್ಲಿ ನಡೆದದ್ದನ್ನು ನಮಗೆ ಆಮೇಲೆ ಹೇಳಿದವಳು ಹಾಜರಾಬಿ, ಅತ್ತೆಯ ಪಕ್ಕದ ಮನೆಯವಳು, ಜೀವದ ಗೆಳತಿ. ಟಪಾಲಿನವನು ಕಾರ್ಡನ್ನು ಕಟ್ಟೆಗೆ ಎಸೆದು ಹೋದ. ಅತ್ತೆಗೆ ಓದು ಬಾರದು. ಎತ್ತಿಕೊಂಡು ನೋಡಿದಳು: ಕಪ್ಪು ಮೂಲೆ. ತಿರುಗಿಸಿದಳು: ಅಕ್ಷರದ ಕೊನೆಗೆ ನಾನು ಯಾವಾಗಲೂ ಬಿಡಿಸುವ ಪುಟ್ಟ ನವಿಲು. ಆ ಮನೆಯಿಂದ ಕಾರ್ಡು ಬಂದರೆ ತಮ್ಮ ಬರೆಯಬೇಕು. ಮಗ ಬರೆದಿದ್ದಾನೆ ಎಂದರೆ ತಮ್ಮ ಬರೆಯುವ ಸ್ಥಿತಿಯಲ್ಲಿ ಇಲ್ಲ. ಲೆಕ್ಕ ಅಷ್ಟಕ್ಕೆ ಮುಗಿಯಿತು. ಹನ್ನೊಂದರ ಬಸ್ಸಿಗೆ ಇಬ್ಬರೂ ಹತ್ತಿದರು.

ಹಾಜರಾಬಿ ಸ್ವಲ್ಪ ವಿಚಾರವಂತೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ವಕೀಲರ ಗುಮಾಸ್ತರೊಬ್ಬರಿಗೆ ಕಾರ್ಡು ಕೊಟ್ಟು ಓದಿಸಿದಳು. ಅವರು ಗಂಟಲು ಸರಿಮಾಡಿಕೊಂಡು, “ಇಲ್ಲಿ ಎಲ್ಲರೂ ಆರಾಮ ಇದ್ದೇವೆ” ಎಂದು ಓದಿದರು. ಅತ್ತೆ ಎದೆ ಎದೆ ಬಡಿದುಕೊಂಡಳು. “ಪಾಪ, ನನ್ನ ಎದಿ ಒಡೀಬಾರ್ದಂತ ಹಂಗ ಬರದಾನ ಕೂಸು!” ಗುಮಾಸ್ತರು ಮುಂದೆ ಓದಿದರು: “ನಿನ್ನ ದಾರಿ ನೋಡುತ್ತಾನೆ.” “ಮಣ್ಣ ಮಾಡದ ನನ್ನ ಸಲುವಾಗಿ ಇಟ್ಟಾರ್ಯವ್ವಾ!” ಎಂದಳು. ಗುಮಾಸ್ತರು ಕಾರ್ಡನ್ನು ತಿರುಗಿಸಿ ಮೂಲೆ ನೋಡಿದರು. ಕಾಗದಪತ್ರ ಬಲ್ಲವರು. “ಹೌದ್ರಿ, ಬರದದ್ದ ಸುಳ್ಳ ಇರಬಹುದು, ಮೂಲಿ ಸುಳ್ಳ ಹೇಳೂದಿಲ್ಲ” ಎಂದು ತಾವೂ ಟೋಪಿ ತೆಗೆದರು. ರಾಯಬಾಗ ದಾಟುವಷ್ಟರಲ್ಲಿ ಇಡೀ ಬಸ್ಸು ನಮ್ಮಪ್ಪನಿಗಾಗಿ ಮರುಗುತ್ತಿತ್ತು.

ನಮ್ಮಪ್ಪ ಆ ಹೊತ್ತಿಗೆ ಹೊಲದಿಂದ ಬಂದು, ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ಬಚ್ಚಲಿಗೆ ಹೋಗಿದ್ದ. ಪಂಚಮಿಯ ಹಿಂದಿನ ದಿನ ಅದು. ನಾನು ರಜೆಗೆ ಬಂದಿದ್ದೆ. ಅವ್ವ ಒಲೆಯ ಮುಂದೆ ಎಳ್ಳು ಹುರಿಯುತ್ತಿದ್ದಳು.

ಮೊದಲು ಬಸ್ ನಿಲ್ದಾಣದ ಕಡೆಯಿಂದ ಒಂದು ದನಿ ಕೇಳಿತು. ಬರಬರುತ್ತ ಅದು ಹತ್ತಾಯಿತು. ಅತ್ತೆ ಅಳುತ್ತ ಓಣಿಯಲ್ಲಿ ಬರುವುದನ್ನು ಕಂಡವರು, ಯಾರಿಗೆ ಏನಾಯಿತೆಂದು ಕೇಳುವುದು ಸರಿಯಲ್ಲವೆಂದು ತಾವೂ ಅಳುತ್ತ ಹಿಂದೆ ಬಿದ್ದಿದ್ದರು. ಮೆರವಣಿಗೆ ನಮ್ಮ ಬಾಗಿಲಿಗೆ ಬಂದಾಗ ಇಪ್ಪತ್ತು ಮೂವತ್ತು ಜನ. ಮಲಗೌಡ ಕಾಕಾ ಕೆಲಸದ ಮನುಷ್ಯ. ಅವರು ಅಳುತ್ತ ನಿಲ್ಲದೆ ಆಗಲೇ ಬಿದಿರು ತರಲು ಹೋಗಿದ್ದರು. ಅತ್ತೆಯ ಕೈಯಲ್ಲಿ ನನ್ನ ಕಾರ್ಡು ಕಂಡಿತು. ಆ ಕ್ಷಣಕ್ಕೆ ನನಗೆ ಎಲ್ಲವೂ ತಿಳಿಯಿತು.

ನಾನು ಬಾಯಿ ತೆಗೆದೆ. ಯಾರೋ ಅಪ್ಪಿಕೊಂಡು ನನ್ನ ಮುಖವನ್ನು ತಮ್ಮ ಎದೆಗೆ ಒತ್ತಿಕೊಂಡರು. ಬಿಡಿಸಿಕೊಂಡು ಮತ್ತೆ ಬಾಯಿ ತೆಗೆದೆ, ಮತ್ತೊಬ್ಬರು ಅಪ್ಪಿಕೊಂಡರು. “ಎಲ್ಲಿದಾನೋ ನನ್ನ ತಮ್ಮಾ?” ಎಂದು ಅತ್ತೆ ಕೇಳಿದಳು. ಅಪ್ಪಿಕೊಂಡವರ ತೋಳಿನೊಳಗಿಂದಲೇ ನಾನು ಬಚ್ಚಲ ಕಡೆ ಕೈ ಮಾಡಿದೆ. ಒಳಗಿಂದ ನೀರು ಸುರಿಯುವ ಸಪ್ಪಳ ಬರುತ್ತಿತ್ತು. ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದಾರೆ ಎಂದು ಎಲ್ಲರೂ ತಿಳಿದರು. ಅಳು ಇಮ್ಮಡಿಯಾಯಿತು.

ಇಷ್ಟರಲ್ಲಿ ಅವ್ವ ಹೊರಗೆ ಬಂದಳು. ಕೈಯಲ್ಲಿ ಎಳ್ಳಿನ ಸಟ್ಟುಗ. ಇಡೀ ಓಣಿ ತನ್ನ ಗಂಡನ ಹೆಸರು ಹಿಡಿದು ಅಳುವುದನ್ನು ಕಂಡಳು. “ಅಯ್ಯಽ, ಎಣ್ಣಿ ಹಚಗೊಂಡ ಒಳಗ ಹೋದಾವ್ರು ಇನ್ನಾ ಬಂದಿಲ್ಲಲ್ಲೋ!” ಎಂದವಳೇ ತಾನೂ ನೆಲಕ್ಕೆ ಕೂತು ಶುರುಮಾಡಿದಳು. ಹತ್ತು ಹೆಜ್ಜೆ ಹೋಗಿ ಬಚ್ಚಲ ಬಾಗಿಲು ಬಡಿಯಲು ಅವಳಿಗೆ ತೋಚಲಿಲ್ಲ. ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನನಗೂ ಸಂಶಯ ಬಂತು. ಇಷ್ಟು ಜನ ತಪ್ಪು ತಿಳಿಯುತ್ತಾರೆಯೇ?

ನಮ್ಮ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿ ಅಳುತ್ತಾರೆ. ಸತ್ತವನ ಗುಣವೆಲ್ಲ ಒಂದೊಂದಾಗಿ ಎಣಿಸುತ್ತಾರೆ. ಅತ್ತೆ ಬಚ್ಚಲ ಬಾಗಿಲ ಮುಂದೆ ಕೂತು ಸೆರಗು ಹೊದ್ದು ಎತ್ತಿಕೊಂಡಳು:

“ನನ್ನ ಉಡ್ಯಾಗ ಬೆಳದಾಂವ ನನ್ನಕಿಂತ ಮೊದಲ ಹೋದ್ಯೋ ತಮ್ಮಾ,
ಪಂಚಮಿ ಉಂಡಿ ಕಟ್ಟಿ ಯಾರ ದಾರಿ ನೋಡಲ್ಯೋ ತಮ್ಮಾ,
ಒಂಬತ್ತ ವರ್ಷದ ಮಾತ ಒಡಲಾಗ ಉಳದಾವೋ ತಮ್ಮಾ…”

ಬಚ್ಚಲಲ್ಲಿ ನೀರಿನ ಸಪ್ಪಳ ನಿಂತಿತು. ಅಪ್ಪನಿಗೆ ಎಲ್ಲ ಕೇಳುತ್ತಿತ್ತು. ಧೋತರ ಹೊರಗಿನ ಗೂಟದಲ್ಲಿತ್ತು ಎಂಬುದು ಒಂದು ಕಾರಣ. ಆದರೆ ಅದೊಂದೇ ಅಲ್ಲವೆಂದು ಅವನೇ ಆಮೇಲೆ ಒಪ್ಪಿಕೊಂಡ: “ಹುಟ್ಟಿದಾಗಿಂದ ಅಕ್ಕನ ಬಾಯಿಂದ ನನ್ನ ಬಗ್ಗೆ ಒಂದ ಚೊಲೋ ಮಾತ ಕೇಳಿರಲಿಲ್ಲ. ಪೂರಾ ಆಗ್ಲಿ, ಆಮ್ಯಾಲ ಹೊರಗ ಬಂದ್ರಾತು ಅಂದ್ನಿ.” ಹಾಗಾಗಿ ತಲೆತುಂಬ ಸೀಗೆಪುಡಿ ಹಚ್ಚಿಕೊಂಡು, ಉಸಿರು ಹಿಡಿದುಕೊಂಡು, ಅವನು ತನ್ನ ಸದ್ಗುಣಗಳನ್ನು ಕೇಳುತ್ತ ಕೂತಿದ್ದ. ಅತ್ತೆ ಅವನ ಬಾಲ್ಯ ಹಾಡಿದಳು, ಅವನ ಉದಾರತನ ಹಾಡಿದಳು, ಅವನಿಗಿಲ್ಲದ ಧೈರ್ಯವನ್ನೂ ಹಾಡಿದಳು. ಕೊನೆಗೆ ಹೊಳೆಯ ದಂಡೆಗೆ ಬಂದಳು:

“ಐದ ವರ್ಷದ ಕೂಸ ಹೊಳಿದಂಡ್ಯಾಗ ಕಳದಿತ್ತೋ ತಮ್ಮಾ,
ಬಿಳಿ ಎತ್ತಿನ ಬಾಲ ಹಿಡದ ಮನಿಗಿ ಬಂದಿತ್ತೋ ತಮ್ಮಾ…”

“ಕರಿ ಎತ್ತು!” ಎಂದಿತು ಬಚ್ಚಲು.

ಹಿಂದೆ ನಿಂತಿದ್ದ ಇಬ್ಬರು ಮೂವರು ಓಡಿಹೋದರು. ಹಾಜರಾಬಿ “ಯಾ ಅಲ್ಲಾ” ಎಂದು ಕಂಬ ಹಿಡಿದುಕೊಂಡಳು. ಬಾಗಿಲು ತೆರೆಯಿತು. ಮೈ ಒರೆಸುವ ತುಂಡುಪಂಚೆ ಸುತ್ತಿಕೊಂಡು, ಕಣ್ಣಿಗೆ ಸೀಗೆ ಹೊಕ್ಕು ಕಣ್ಣು ಕೆಂಪಾದ ನಮ್ಮಪ್ಪ ನಿಂತಿದ್ದ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕೈಗೆ ಸಿಕ್ಕ ತಂಬಿಗೆ ಎತ್ತಿ ಅವನ ಬೆನ್ನಿಗೆ ಬಾರಿಸಿದಳು.

“ಬದುಕೀದಿ? ನಾಚಿಕಿ ಬರೂದಿಲ್ಲ? ಅಥಣಿಯಿಂದ ಅತಗೋತ ಬಂದೀನಿ! ಯಾಂವ ಈ ಕಾರ್ಡ ಬರದಾಂವ?”

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಜೀವನದ ಮೊದಲ ಮತ್ತು ಕೊನೆಯ ಸಾರ್ವಜನಿಕ ಕಲಾ ಉಪನ್ಯಾಸ ಆಗ ನಡೆಯಿತು. ಇದು ಸಾವಿನ ಕಾರ್ಡಲ್ಲ, ಅಮೂರ್ತ ಕಲೆ, ಬಿಳಿಯ ಅವಕಾಶದಲ್ಲಿ ಕಪ್ಪಿನ ಒತ್ತಡ ಎಂದು ಏನೇನೋ ತೊದಲಿದೆ. “ಅಂದ್ರ ಚಂದ ಕಾಣ್ಲಿ ಅಂತ ಹೆಣದ ಕಾರ್ಡ ಕಳಿಸೀದಿ?” ಎಂದಳು ಅತ್ತೆ. ಅವಳ ಕಣ್ಣಲ್ಲಿ ಈಗ ಬೇರೆ ನೀರು ಬಂದಿತ್ತು, ಅವಮಾನದ ನೀರು. ಸೆರಗು ಸರಿಮಾಡಿಕೊಂಡಳು. “ಏಳ ಹಾಜರಾಬಿ. ಈ ಮನಿ ನೀರ ಸೈತ ಬ್ಯಾಡ.” ಈ ಸಲ ಹೋದರೆ ಮತ್ತೆ ಬರುವವಳಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಅಪ್ಪ ಬೆನ್ನು ತಿಕ್ಕಿಕೊಳ್ಳುತ್ತ ನೆಲ ನೋಡುತ್ತಿದ್ದ. ನಾನು ಸತ್ತರೆ ಒಳ್ಳೆಯದಿತ್ತು ಎನಿಸಿತು. ಕಾರ್ಡೂ ಅತ್ತೆಯ ಕೈಯಲ್ಲೇ ಇತ್ತು, ಜನರೂ ಸೇರಿದ್ದರು.

ಆಗ ನಮ್ಮವ್ವ ಬಾಯಿಬಿಟ್ಟಳು. ಜನ್ಮದಲ್ಲಿ ಅದುವರೆಗೆ ಸುಳ್ಳು ಹೇಳಿದವಳಲ್ಲ.

“ಅಕ್ಕಾರ, ಹುಡುಗಂದ ತಪ್ಪಿಲ್ರಿ. ಮೊನ್ನಿ ಹೊಲದಾಗ ಇವರ ತಲಿಗೆ ಕಾಗಿ ಮುಟ್ಟಿತ್ರಿ.”

ನಿಮ್ಮ ಕಡೆ ಇದೆಯೋ ಇಲ್ಲವೋ, ನಮ್ಮಲ್ಲಿ ತಲೆಗೆ ಕಾಗೆ ಮುಟ್ಟಿದರೆ ಆ ಮನುಷ್ಯನಿಗೆ ಗಂಡಾಂತರ. ಅದಕ್ಕೆ ಪರಿಹಾರ ಒಂದೇ. ಅವನು ಸತ್ತನೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದೇ ನಂಬಿ ಅಳಬೇಕು. ಅತ್ತರೆ ಗಂಡಾಂತರ ಹೋಯಿತು, ಆಯುಷ್ಯ ಬೆಳೆಯಿತು.

ಅತ್ತೆ ನಿಂತಳು. “ಕಾಗಿ ಮುಟ್ಟಿತ್ತ?”

“ಹೌದ್ರಿ. ಖರೇನ ಅಳವರು ಬೇಕಾಗಿತ್ರಿ.”

“ಎಷ್ಟ ಮನಿಗಿ ಬರದೀರಿ ಕಾರ್ಡು?”

“ನಿಮಗೊಬ್ರಿಗೇ ರೀ. ಇಡೀ ಬಳಗದಾಗ ಇವರ ಸಲುವಾಗಿ ಖರೇನ ಅಳವರು ಮತ್ಯಾರ ಅದಾರ್ರಿ?”

ಅತ್ತೆ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಅಪ್ಪನ ಕಡೆ ನೋಡದೆ, “ತಲಿ ಒರಸ್ಕೋ. ನೆಗಡಿ ಆಕ್ಕೈತಿ” ಎಂದಳು. ಒಂಬತ್ತು ವರ್ಷದ ಮೇಲೆ ಅವಳು ಅವನಿಗೆ ಆಡಿದ ಮೊದಲ ಒಳ್ಳೆಯ ಮಾತು ಅದು. ಸತ್ತವನಿಗೆ ಆಡಿದ್ದು ಬಿಟ್ಟು.

ಮಲಗೌಡ ಕಾಕಾ ಅಷ್ಟೊತ್ತಿಗೆ ಬಿದಿರು ಹೊತ್ತು ಬೆವರುತ್ತ ಬಂದರು. ಅಪ್ಪನೇ ಎದುರು ಬಂದು ಬಿದಿರು ಇಳಿಸಿಕೊಂಡ. ಕಾಕಾ ಸ್ವಲ್ಪ ನಿರಾಶರಾದಂತೆ ಕಂಡರು. ಆ ಬಿದಿರು ಹಿತ್ತಲಿನ ಅವರೆ ಬಳ್ಳಿಗೆ ಚಪ್ಪರವಾಯಿತು. ಮರುದಿನ ಅತ್ತೆ ಜೋಕಾಲಿ ಆಡಿದಳು. ಉಂಡಿ ತಿನ್ನುವಾಗ ಅವಳೂ ಅಪ್ಪನೂ ನನ್ನ ಕಾರ್ಡು ಹಿಡಿದು ಎತ್ತಿನ ಜಗಳ ಮುಂದುವರಿಸಿದರು. ಇಡೀ ಕಾರ್ಡಿನ ತುಂಬ ನಿಂತಿರುವುದು ಬಿಳಿ ಎತ್ತು, ಕಣ್ಣಿಗೆ ಕಾಣುವುದಿಲ್ಲವೇ ಎಂದು ಅತ್ತೆ. ಬಿಳಿಯದು ಹೊಲ, ಮೂಲೆಯಿಂದ ಕರಿ ಎತ್ತು ಈಗ ತಾನೇ ಒಳಗೆ ಬರುತ್ತಿದೆ, ಬಾಲ ಇನ್ನೂ ಹೊರಗಿದೆ, ಬಾಲದ ತುದಿಗೆ ನಾನಿದ್ದೇನೆ ಎಂದು ಅಪ್ಪ. ಅಮೂರ್ತ ಕಲೆಯ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ. ಹೋಗುವಾಗ ಅತ್ತೆ ಕಾರ್ಡನ್ನು ಹರಿಯಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ನನ್ನ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಎರಡು ತಿಂಗಳಿಗೆ ಕಬ್ಬೂರಿನಿಂದ ಒಬ್ಬ ಗೃಹಸ್ಥರು ನಮ್ಮ ಶಾಲೆ ಹುಡುಕಿಕೊಂಡು ಬಂದರು. “ನಮ್ಮ ಮಾವಗ ಕಾಗಿ ಮುಟ್ಟೈತ್ರಿ. ನಿಮ್ಮ ಕಡೆ ಸುಳ್ಳ ಬರೀದನ ಅಳಸೂ ಕಾರ್ಡ ಅದಾವಂತ. ಒಂದ ಕೊಡ್ರಿ.” ವಿಚಾರಿಸಿ ನೋಡಿದರೆ ತರ್ಕ ಬಹಳ ಗಟ್ಟಿಯಾಗಿತ್ತು. ಬದುಕಿದ್ದವನನ್ನು ಸತ್ತನೆಂದು ಕೈಯಾರೆ ಬರೆಯುವುದು ಪಾಪ. ಈ ಕಾರ್ಡಿನಲ್ಲಿ ಎಲ್ಲರೂ ಆರಾಮ ಎಂದು ನಿಜವನ್ನೇ ಬರೆಯಬಹುದು, ಆದರೂ ನೆಂಟರು ಅಳುತ್ತಾರೆ. ಪಾಪವೂ ಇಲ್ಲ, ಪರಿಹಾರವೂ ಆಯಿತು. ಆಮೇಲೆ ಚಿಕ್ಕೋಡಿಯಿಂದ ಬಂದರು, ರಾಯಬಾಗದಿಂದ ಬಂದರು. ಕಪ್ಪು ಇದ್ದವು ಮೊದಲು ಖಾಲಿಯಾದವು, ಆಮೇಲೆ ಕಡುನೀಲಿ. ಆಧುನಿಕ ಕಲೆ ಜನಸಾಮಾನ್ಯರ ಎದೆ ತಟ್ಟುವುದಿಲ್ಲ ಎಂದು ಯಾರಾದರೂ ಭಾಷಣ ಮಾಡಿದರೆ ನಾನು ಹಿಂದಿನ ಸಾಲಿನಲ್ಲಿ ಕೂತು ಮೀಸೆಯಲ್ಲಿ ನಗುತ್ತೇನೆ. ಐದು ಊರಿನ ಜನ ಎದೆ ಬಡಿದುಕೊಂಡು ಅತ್ತದ್ದನ್ನು ನಾನು ಬಲ್ಲೆ.

ಅಲ್ಲಿಂದ ಮುಂದೆ ಪ್ರತಿ ಪಂಚಮಿಗೆ ಅಪ್ಪ ತಾನೇ ಅಥಣಿಗೆ ಹೋಗಿ ಅತ್ತೆಯನ್ನು ಕರೆತರುತ್ತಿದ್ದ. ತೊಂಬತ್ತರ ದಶಕ ಅರ್ಧ ಸಂದಿತ್ತು. ಆ ವರ್ಷ ಅವಳು ಬರಲಿಲ್ಲ. ಕಾಲು ಏಳುವುದಿಲ್ಲ, ಮುಂದಿನ ವರ್ಷ ನೋಡೋಣ ಎಂದಿದ್ದಳು. ದೀಪಾವಳಿ ಕಳೆದ ಮೇಲೆ ಒಂದು ದಿನ ಬೆಳಗಿನ ಹತ್ತಕ್ಕೆ ಬಸ್ಸಿನ ಕಂಡಕ್ಟರ ಬಂದು, ಅಥಣಿ ಕಡೆಯ ಬಸ್ಸಿನವರು ಚಿಕ್ಕೋಡಿಯಲ್ಲಿ ಕೊಟ್ಟರೆಂದು ಅಪ್ಪನ ಕೈಗೆ ಏನೋ ಇಟ್ಟ. ನನ್ನದೇ ಹಳೆಯ ಕಾರ್ಡು. ಕಪ್ಪು ಮೂಲೆ ಹಾಗೇ ಇತ್ತು. ಉಳಿದ ಮೂರು ಮೂಲೆಗಳಿಗೆ ಹಸಿ ಅರಿಷಿಣ ಹಚ್ಚಿತ್ತು. ಓಣಿಯವರು ಸೇರಿ ಇದು ಶುಭವೋ ಅಶುಭವೋ ಎಂದು ಚರ್ಚೆಗೆ ಕೂತರು. ಅಪ್ಪ ಕೂಡಲಿಲ್ಲ. ಮುಂದಿದ್ದ ತಾಟನ್ನು ಸರಿಸಿ, ಕೈ ತೊಳೆದು, ಚಪ್ಪಲಿ ಮೆಟ್ಟಿದ. ನಾನೂ ಹಿಂದೆ ಹೊರಟೆ. ಇಡೀ ದಾರಿ ಅವನು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಅತ್ತೆ ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಪಕ್ಕದಲ್ಲಿ ಹಾಜರಾಬಿ ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತಿದ್ದಳು. ವಯಸ್ಸಾಗಿ ಅವಳ ಕಿವಿ ಮಂದವಾಗಿತ್ತು.

“ಬಂದ್ಯಾ?” ಎಂದಳು ಅತ್ತೆ.

“ಏನಾಗೇತಿ ನಿನಗ?” ಎಂದ ಅಪ್ಪ.

“ಏನಿಲ್ಲ. ಕಾಗಿ ಮುಟ್ಟೈತಿ. ಖರೇನ ಅಳವರು ಬೇಕಾಗ್ಯಾರ. ಇಡೀ ಬಳಗದಾಗ ನೀ ಒಬ್ಬನ ನೆನಪಾದಿ. ಕೂಡ್ರು, ಅಳು.”

“ಗಂಡಸರು ಎಲ್ಲರೆ ಹಾಡಿ ಅಳತಾರೇನಕ್ಕಾ?”

“ನಾ ಹೋದ ಮ್ಯಾಲ ನೀ ಅತ್ರ ನನಗ ಕೇಳಸ್ತೈತೇನು? ಅವತ್ತ ಬಚ್ಚಲದಾಗ ಕುಂತ ನಂದೆಲ್ಲಾ ಕೇಳೀದಿ. ನನಗೂ ಕೇಳಬೇಕಾಗೇತಿ.”

ಅಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಗಂಟಲು ಸರಿಮಾಡಿಕೊಂಡ. “ಅಕ್ಕಾ, ನೀ ರೊಟ್ಟಿ ಭಾಳ ಚೊಲೋ ಮಾಡ್ತಿದ್ದಿ” ಎಂದ. “ಮುಂದ?” ಎಂದಳು ಅತ್ತೆ ಕಣ್ಣು ಮುಚ್ಚಿಕೊಂಡು. ಬಹಳ ಯೋಚಿಸಿ, “ಪಲ್ಯಾನೂ ಚೊಲೋ ಮಾಡ್ತಿದ್ದಿ” ಎಂದ. ನನಗೆ ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿದೆ. ಆಮೇಲೆ ಅವನು ಕೈಯಲ್ಲಿದ್ದ ಕಾರ್ಡು ನೋಡಿದ.

“ಆ ಎತ್ತು,” ಎಂದ, “ಬಿಳೇದ ಇತ್ತಕ್ಕಾ.”

ಅತ್ತೆ ಕಣ್ಣು ತೆರೆದಳು. ದಿಂಬು ಬಿಟ್ಟು ನೆಟ್ಟಗೆ ಕೂತಳು.

“ಸಾಯಾಕಿ ಮುಂದ ಸುಳ್ಳ ಹೇಳಬ್ಯಾಡ. ಕರೇದ ಇತ್ತು. ಬಾಗಲದಾಗ ನಿಂತ ನಾನ ನೋಡೀನಲ್ಲ.”

ಅಪ್ಪ ಬಾಯಿ ತೆರೆದು ಅವಳನ್ನೇ ನೋಡಿದ. “ಮತ್ತ ಒಂಬತ್ತ ವರ್ಷ ಯಾಕ ಬರ್ಲಿಲ್ಲ?”

“ನೀ ಬಂದ ಕರೀಲಿ ಅಂತ.”

ನಮ್ಮಪ್ಪ ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ಹಾಡಿಲ್ಲ, ಗುಣಗಾನವಿಲ್ಲ. ಮಂಚದ ಕಟ್ಟಿಗೆಗೆ ಹಣೆ ಹಚ್ಚಿ, ಐದು ವರ್ಷದ ಕೂಸು ಅಳುವಂತೆ ಅತ್ತ. ಅತ್ತೆ ಅವನ ತಲೆಯ ಮೇಲೆ ಕೈಯಿಟ್ಟು, ಮತ್ತೆ ದಿಂಬಿಗೆ ಒರಗಿ, ಕಣ್ಣು ಮುಚ್ಚಿ, ಬಹಳ ಸಮಾಧಾನದಿಂದ ಕೇಳಿಸಿಕೊಂಡಳು.

“ಹಾಂ, ಈಗ ಬಂತ ನೋಡು,” ಎಂದಳು. “ಇನ್ನಷ್ಟ ಜೋರ ಅಳೋ. ಹಾಜರಾಬಿಗೂ ಕೇಳಸ್ಲಿ.”